ನಾಲ್ಕನೆಯ ಬೋಲ್ಟು

ಬೀದಿಯವರೆಲ್ಲ ಅವನನ್ನು ನಾಳೆ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಅದು ಅವನ ಕಿವಿಗೂ ಬಿದ್ದಿತ್ತು, ಬಿದ್ದರೂ ಬೇಜಾರು ಮಾಡಿಕೊಳ್ಳುವ ಆಸಾಮಿಯಲ್ಲ. ಹೆಸರು ಕೇಳಿ ಸೋಮಾರಿ ಅಂದುಕೊಂಡುಬಿಟ್ಟೀರಿ ಮತ್ತೆ! ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆದರೆ ಬೆಳಕು ಹೋಗುವ ತನಕ ಯಾವುದಾದರೂ ಗಾಡಿಯ ಕೆಳಗೇ ಇರುವ ಮನುಷ್ಯ. ಆದರೆ ತುಕ್ಕು ಹಿಡಿದು ಕಚ್ಚಿಕೊಂಡ ಬೋಲ್ಟು ಕೈಗೆ ಸಿಕ್ಕಿತೋ, ಅವನಿಗೆ ಹೊತ್ತುಗೊತ್ತಿನ ಪರಿವೆಯೇ ಇರುತ್ತಿರಲಿಲ್ಲ. ವೈರ್ ಬ್ರಷ್ಷಿನಿಂದ ಅದರ ಸುತ್ತ ಉಜ್ಜುವುದು, ಎಣ್ಣೆ ಬಿಡುವುದು, ಸಣ್ಣ ಸುತ್ತಿಗೆಯಲ್ಲಿ ತಲೆಯ ಮೇಲೆ ಮೆಲ್ಲಗೆ ತಟ್ಟುವುದು, ಮತ್ತೆ ಎಣ್ಣೆ ಬಿಡುವುದು, ಆಮೇಲೆ ಕೈ ಒರೆಸಿಕೊಂಡು "ಇವತ್ತು ಕುಡೀಲಿ ಬಿಡಿ, ನಾಳೆ ನೋಡೋಣ" ಅನ್ನುವುದು. ಗಿರಾಕಿ ತಲೆ ಚಚ್ಚಿಕೊಂಡರೂ ಅಷ್ಟೇ. "ಬಲ ಹಾಕಿದ್ರೆ ಮುರಿಯುತ್ತೆ ಸ್ವಾಮಿ, ಬಿಚ್ಚೋದಿಲ್ಲ" ಎಂದು ಮಗುವಿಗೆ ತಿಳಿಹೇಳುವಂತೆ ಹೇಳುತ್ತಿದ್ದ. ಬಿಚ್ಚುವ ಮೊದಲು ಕೂದಲೆಳೆಯಷ್ಟು ಬಿಗಿ ಮಾಡಬೇಕು, ಆಮೇಲೆ ಕೂದಲೆಳೆಯಷ್ಟು ಸಡಿಲ, ಮತ್ತೆ ಬಿಗಿ, ಮತ್ತೆ ಸಡಿಲ. ಇದು ಅವನ ಪದ್ಧತಿ. ಅವನ ಕೈಯಲ್ಲಿ ಬೋಲ್ಟು ಮುರಿದದ್ದನ್ನು ಆ ಬೀದಿ ಕಂಡೇ ಇರಲಿಲ್ಲ.

ರಸ್ತೆಯ ಆಚೆ ಬದಿಗೆ ವೆಲ್ಡಿಂಗ್ ಅಂಗಡಿ. ಅದು ಅವನ ಹೆಂಡತಿಯ ತಮ್ಮನದು. ಅವನನ್ನು ಎಲ್ಲರೂ ಬೆಂಕಿ ಅನ್ನುತ್ತಿದ್ದರು. ಕೆಲಸಕ್ಕೂ ಹೊಂದುವ ಹೆಸರು, ಮೂಗಿನ ತುದಿಯ ಸಿಟ್ಟಿಗೂ ಹೊಂದುವ ಹೆಸರು. ಬೋಲ್ಟು ಸ್ವಲ್ಪ ಸತಾಯಿಸಿದರೆ ಸಾಕು, ಕಟ್ಟರ್ ಹಚ್ಚಿ ಬುಡಕ್ಕೇ ಇಡುವವನು ಅವನು.

"ಏನ್ ಭಾವ, ನಿಮ್ಮ ಬೋಲ್ಟು ಎದ್ದಿದ್ಯಾ, ಇನ್ನೂ ಮಲಗೇ ಇದ್ಯಾ?" ಎಂದು ಬೆಂಕಿ ಆಚೆಯಿಂದ ಕೂಗುವನು.

"ನನ್ನದು ಜೀವಂತವಾದ್ರೂ ಇದೆಯಲ್ಲೋ. ನಿನ್ನ ಕೈಗೆ ಸಿಕ್ಕಿದ್ದು ಯಾವುದು ಉಳಿದಿದೆ ಹೇಳು" ಎಂದು ಮೇಸ್ತ್ರಿ ಈಚೆಯಿಂದ.

ಇವರಿಬ್ಬರ ಜಗಳ ಕೇಳದಿದ್ದರೆ ಆ ಬೀದಿಗೆ ಬೆಳಗೇ ಆಗುತ್ತಿರಲಿಲ್ಲ ಅನ್ನಿ. ನಡುವೆ ತೀರ್ಪು ಕೊಡುವವಳು ಮೇಸ್ತ್ರಿಯ ಹೆಂಡತಿ. ಶೆಡ್ಡಿನ ಬಾಗಿಲಲ್ಲಿ ಕಾಲು ನೀಡಿ ಕೂತು, ಹಳೆಯ ನಟ್ಟು ಬೋಲ್ಟುಗಳನ್ನು ಅಳತೆ ನೋಡಿ ಡಬ್ಬಿಗಳಿಗೆ ಹಾಕುವುದು ಅವಳ ಕೆಲಸ. ಕಣ್ಣಳತೆಯಲ್ಲೇ ಹೇಳಿಬಿಡುತ್ತಿದ್ದಳು, ಇದು ಯಾವ ಸ್ಪ್ಯಾನರಿಗೆ ಕೂರುತ್ತೆ ಅಂತ. ಬಾಯಿಯೂ ಅಷ್ಟೇ ಚುರುಕು. "ಇವರ ನಾಳೆ ನಿಮಗೆ ಇವತ್ತು ಗೊತ್ತಾಯ್ತಾ?" ಎಂದು ಕಾದು ಸುಸ್ತಾದ ಗಿರಾಕಿಗಳಿಗೆ ಹೇಳುವಳು. "ನಾಚಿಕೆ ಬಿಟ್ಟು ನಾನೇ ಬಾಯಿ ತೆಗೆದು, ನನ್ನ ಮದುವೆ ಆಗ್ತೀರಾ ಅಂತ ಕೇಳಿದ್ದಕ್ಕೆ ಈ ಮಹಾರಾಯರು ನಾಳೆ ಹೇಳ್ತೀನಿ ಅಂದ್ರು. ಆವತ್ತು ನಾನು ಇವರಿಗೆ ಹಾಕಿದ ಶಾಪ ಇನ್ನೂ ಖರ್ಚಾಗಿಲ್ಲ." ಗಿರಾಕಿ ನಗುವನು, ಮೇಸ್ತ್ರಿ ಗಾಡಿಯ ಕೆಳಗೆ ಇನ್ನೂ ಸ್ವಲ್ಪ ಒಳಕ್ಕೆ ಜರುಗುವನು. ಮಕ್ಕಳಿರಲಿಲ್ಲ. ಇದ್ದದ್ದು ಈ ಶೆಡ್ಡು, ಶೆಡ್ಡಿನ ಹಿಂದೆ ಗೋಡೆಗೆ ಅಂಟಿದಂತಿದ್ದ ಎರಡು ಕೋಣೆಯ ಮನೆ, ಒಂದು ಹಳೆಯ ಪಿಕಪ್ಪು.

ಅಂಥ ಹೆಂಗಸು ಈಗ ಹಾಸಿಗೆ ಹಿಡಿದಿದ್ದಳು. ಎದೆಯಲ್ಲಿ ಗಂಟಾಗಿ ಶುರುವಾದ ಕಾಯಿಲೆ ಆಪರೇಷನ್ನಿಗೂ ಬಗ್ಗದೆ ಬೆನ್ನುಮೂಳೆಗೆ ಇಳಿದಿತ್ತು. ಒಂದು ಲೋಟ ಚಹಾ ಕುಡಿಯುವಷ್ಟು ಹೊತ್ತು ಕೂರಿಸಿದರೂ ಹಲ್ಲು ಕಚ್ಚಿ ಬೆವರುತ್ತಿದ್ದಳು. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಅಂದುಬಿಟ್ಟರು. ಹಾಗೆ ಹೇಳಿದ ದಿನವೇ ಅವಳು ತನ್ನ ಆಸೆ ಹೇಳಿದ್ದು. ಒಂದೇ ಒಂದು ಆಸೆ, ತಾಯಿಯನ್ನು ನೋಡಬೇಕು.

ತಾಯಿ ಇದ್ದದ್ದು ಬೆಟ್ಟದ ಆಚೆ, ಹಿರಿಯ ಮಗನ ಮನೆಯಲ್ಲಿ. ಬೆಳಿಗ್ಗೆ ಹೊರಟರೆ ಸಂಜೆಯಾಗುವ ದಾರಿ. ತೀರಾ ವಯಸ್ಸಾದ ಜೀವ, ಕಣ್ಣು ಪೂರ್ತಿ ಹೋಗಿತ್ತು, ಕಿವಿಗೆ ಬಾಯಿಟ್ಟು ಕೂಗಿದರೆ ಏನೋ ಅಷ್ಟಿಷ್ಟು ಕೇಳುತ್ತಿತ್ತು. ಯಾರಾದರೂ ಬಂದರೆ ಮುಖವನ್ನು ಎರಡು ಕೈಯಲ್ಲೂ ತಡವಿ, ಹಣೆ ಮೂಗು ಗಲ್ಲ ಸವರಿ, "ಓ, ನೀನಾ" ಎಂದು ಗುರುತು ಹಿಡಿಯುತ್ತಿದ್ದಳು. ಮಗಳ ಕಾಯಿಲೆಯ ಸುದ್ದಿಯನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಫೋನಿನಲ್ಲಿ ಮಾತಾಡಿಸೋಣವೆಂದರೆ ಅದೊಂದು ಪ್ರಹಸನ. ಅತ್ತಿಗೆ ಫೋನನ್ನು ಅವಳ ಕಿವಿಗೆ ಹಿಡಿದರೆ ಅವಳು ಕೇಳುವುದು ಬಿಟ್ಟು ತಾನೇ ಮಾತಾಡುವಳು.

"ಯಾಕೇ ಇಷ್ಟು ದಿನ ಆಯ್ತು ಬರ್ಲೇ ಇಲ್ಲ? ಹೋದ ಸಲ ಬಂದಾಗ ನಿನ್ನ ಅಡಿಗೆಗೆ ಉಪ್ಪು ಜಾಸ್ತಿ ಅಂದೆ ಅಂತ ಸಿಟ್ಟಾ? ಅಷ್ಟಕ್ಕೆಲ್ಲ ಸಿಟ್ಟು ಮಾಡ್ಕೋತಾರೇನೇ? ನಾನು ಹಾಗೇ, ಬಾಯಿಬಡುಕಿ. ಬಂದು ಹೋಗೇ ಒಂದ್ಸಲ."

"ಸಿಟ್ಟಿಲ್ಲ ಅಮ್ಮಾ, ಸಿಟ್ಟಿಲ್ಲ" ಎಂದು ಮಗಳು ಈ ಕಡೆಯಿಂದ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಕೂಗುವಳು. ಆ ಕಡೆ "ಮಾತೂ ಆಡ್ತಿಲ್ಲ ನೋಡು ಅವಳು" ಎಂದು ಮುದುಕಿ ಸೊಸೆಗೆ ದೂರು ಹೇಳುವುದು ಕೇಳಿಸುವುದು. ಫೋನು ಇಟ್ಟ ಮೇಲೆ ಹೆಂಡತಿ ಗೋಡೆಯ ಕಡೆ ಮುಖ ತಿರುಗಿಸಿಕೊಳ್ಳುವಳು.

ಆಂಬುಲೆನ್ಸ್ ಮಾಡೋಣ ಎಂದ ಬೆಂಕಿ. "ಆ ಗಾಡಿ ಹೋಗಿ ಅಮ್ಮನ ಬಾಗಿಲಲ್ಲಿ ನಿಲ್ಲಬಾರದು" ಎಂದಳು ಅಕ್ಕ. "ಅಕ್ಕಪಕ್ಕದವರೆಲ್ಲ ಅಳ್ತಾ ಓಡಿ ಬರ್ತಾರೆ. ಯಾರಾದ್ರೂ ಒಬ್ರು ಅಮ್ಮನ ಕಿವೀಲಿ ಊದಿಬಿಡ್ತಾರೆ. ನಮ್ಮ ಗಾಡೀಲೇ ಹೋಗ್ಬೇಕು, ಯಾವಾಗಲೂ ಹೋಗೋ ಹಾಗೆ."

ಡಾಕ್ಟರು ಮೇಸ್ತ್ರಿಯನ್ನು ಒಬ್ಬನನ್ನೇ ಆಸ್ಪತ್ರೆಯ ಮೊಗಸಾಲೆಗೆ ಕರೆದು ಮಾತಾಡಿದ್ದು ಅವಳು ಆಸೆ ಹೇಳಿದ ದಿನವೇ. "ನೋಡಿ, ಮೂಳೆ ಸೀಮೆಸುಣ್ಣದ ಹಾಗಾಗಿದೆ, ಹೃದಯವೂ ಸೋತಿದೆ. ಅಲ್ಲಾಡಿಸದೆ ನೋಡ್ಕೊಂಡ್ರೆ ಇನ್ನೊಂದಿಷ್ಟು ತಿಂಗಳು ಇರ್ತಾರೆ. ಆ ಬೆಟ್ಟದ ದಾರೀಲಿ ಕರ್ಕೊಂಡು ಹೋದ್ರೆ ಅಲ್ಲಿ ತನಕ ಜೀವ ಇರುತ್ತೆ ಅಂತ ನಾನು ಹೇಳಲಾರೆ. ಮಲಗಿಸ್ಕೊಂಡು ಹೋದ್ರೂ ಅಷ್ಟೇ." ಮೇಸ್ತ್ರಿ ತಲೆ ಆಡಿಸಿದ. ಒಳಗೆ ಬಂದಾಗ ಹೆಂಡತಿ ಕೇಳಿದಳು, "ಏನಂದ್ರು ಡಾಕ್ಟ್ರು?" ಇವನು ಅರ್ಧ ನುಂಗಿ ಅರ್ಧ ಹೇಳಿದ: "ಕೂತ್ಕೊಂಡು ಹೋಗಂಗಿಲ್ವಂತೆ, ಮಲ್ಕೊಂಡೇ ಹೋಗ್ಬೇಕಂತೆ."

"ಅಷ್ಟೇ ತಾನೆ? ಡ್ರೈವರ್ ಪಕ್ಕದ ಸೀಟು ಬಿಚ್ಚಿಬಿಡಿ, ಹಲಗೆ ಹಾಕಿ. ನಾನೇನು ಉದ್ದ ಇದೀನಾ?"

ನೋಡಿ, ಒಂದು ಅರ್ಧ ಸುಳ್ಳು ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಿತು! ಆಗದು ಅನ್ನಲು ಕಾರಣ ಉಳಿಯಲಿಲ್ಲ, ಆಯಿತು ಅನ್ನಲು ನಾಲಿಗೆ ಏಳಲಿಲ್ಲ. ಕೊನೆಗೆ "ಬಿಚ್ಚೋಣ" ಅಂದ.

ಪಿಕಪ್ಪಿನದು ಹಿಂದೆ ಇನ್ನೊಂದು ಸಾಲು ಸೀಟಿರುವ ಉದ್ದ ಕ್ಯಾಬಿನ್ನು. ಆ ಸೀಟಿನಲ್ಲಿ ಅಡ್ಡ ಮಲಗಿಸಿದರೆ ಕಾಲು ನೀಡಲಾಗದು, ಸಾಮಾನು ಹೇರುವ ಕಡೆ ಮಲಗಿಸಿದರೆ ಕುಲುಕಾಟ ತಡೆಯಲಾಗದು. ಹಿಂದಿನ ಸೀಟಿನ ಕೊಂಡಿ ತೆಗೆದರೆ ಅದು ಎದ್ದು ಬರುತ್ತಿತ್ತು, ಅದರಲ್ಲಿ ತಕರಾರಿರಲಿಲ್ಲ. ತಕರಾರೆಲ್ಲ ಮುಂದಿನ ಸೀಟಿನದು. ಈ ಗಾಡಿಯ ಮೊದಲಿನ ಯಜಮಾನ ಮಂಜುಗಡ್ಡೆ ವ್ಯಾಪಾರದವನು. ಹೊರುವವರು ಒದ್ದೆ ಗೋಣಿಚೀಲಗಳನ್ನು ಆ ಸೀಟಿನ ಬುಡದಲ್ಲೇ ಗುಡ್ಡೆ ಹಾಕುತ್ತಿದ್ದರು. ವರ್ಷಗಟ್ಟಲೆ ನೀರು ಕುಡಿದು ಸೀಟಿನ ನಾಲ್ಕು ಬೋಲ್ಟುಗಳೂ ಕೊಳೆತ ಹಲ್ಲಿನ ಹಾಗೆ ನೆಲದಲ್ಲಿ ಕೂತಿದ್ದವು. ಚಾಪೆ ಎತ್ತಿ ನೋಡಿದಾಗ ಮೇಸ್ತ್ರಿಗೆ ಏನನ್ನಿಸಿತು ಗೊತ್ತೇ? ಅಬ್ಬ, ಸದ್ಯ ಅನ್ನಿಸಿತು. ಅವನ ಬದುಕಿನಲ್ಲಿ ತುಕ್ಕು ಕಂಡು ಖುಷಿಪಟ್ಟದ್ದು ಅದೇ ಮೊದಲು.

ಕೆಲಸವನ್ನೇನೋ ಶುರು ಮಾಡಿದ, ಮೋಸವಿಲ್ಲದೆಯೇ ಮಾಡಿದ. ಕೈಗೆ ಬೇರೆ ರೀತಿ ಗೊತ್ತಿದ್ದರಲ್ಲವೇ? ಬೋಲ್ಟಿನ ತುದಿ ಗಾಡಿಯ ಕೆಳಗೆ ಇಣುಕುತ್ತಿತ್ತು. ಬೆನ್ನ ಮೇಲೆ ಮಲಗಿ, ಮುಖದ ಮೇಲೆ ಮಣ್ಣೂ ತುಕ್ಕಿನ ಪುಡಿಯೂ ಉದುರುತ್ತಿದ್ದರೂ ಬ್ರಷ್ಷಿನಿಂದ ಉಜ್ಜಿದ. ಕೆಳಗಿನಿಂದ ಎಣ್ಣೆ, ಮೇಲಿನಿಂದ ಎಣ್ಣೆ. ಮುಂದಿನ ಎರಡು ಬೋಲ್ಟು ಕೆಲವು ದಿನ ಸತಾಯಿಸಿ, ಕಿರ್ರೆಂದು ಅತ್ತು, ಬಂದವು. ಹಿಂದಿನ ಎರಡರಲ್ಲಿ ಬಾಗಿಲ ಕಡೆಯದು ಒಂದು ವಾರ ತಿಂದಿತು. ನಾಲ್ಕನೆಯದು ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಬೆಂಕಿಗೆ ಮೈಯೆಲ್ಲ ಉರಿ. "ಭಾವ, ದಮ್ಮಯ್ಯ ಅಂತೀನಿ, ಗ್ರೈಂಡರ್ ತರ್ತೀನಿ. ತಲೆ ಹಾರಿಸಿಬಿಟ್ರೆ ಸೀಟು ಎದ್ದು ಬರುತ್ತೆ. ಅಕ್ಕನ ಮುಖ ನೋಡಿದೀರಾ? ದಿನಾ ಇಳೀತಾ ಇದಾಳೆ."

"ಕಿಡಿ ಬಿದ್ರೆ ಸೀಟಿನ ಫೋಮ್ ಹತ್ಕೊಳುತ್ತೆ ಕಣೋ. ಕೆಳಗೆ ಡೀಸೆಲ್ ಪೈಪಿದೆ."

"ಒದ್ದೆ ಬಟ್ಟೆ ಮುಚ್ಚಿದ್ರೆ ಆಯ್ತಪ್ಪ. ನಾನೇನು ನಿನ್ನೆ ಮೊನ್ನೆ ಕೆಲಸ ಕಲಿತವನಾ?"

"ಇನ್ನೊಂದೆರಡು ದಿನ ನೋಡೋಣ. ಕುಡೀಲಿ."

"ಕುಡೀಲಿ, ಕುಡೀಲಿ! ನಿಮ್ಮ ಬೋಲ್ಟು ಕುಡಿದ ಎಣ್ಣೇಲಿ ಒಂದೂರಿಗೆ ದೀಪ ಹಚ್ಚಬಹುದಿತ್ತು" ಎಂದು ಬೈದುಕೊಂಡು ಬೆಂಕಿ ರಸ್ತೆ ದಾಟುವನು.

ಒಂದು ಮಧ್ಯಾಹ್ನ, ಬಿಸಿಲು ತಗಡಿನ ಮೇಲೆ ಕಾಯುತ್ತಿದ್ದಾಗ, ಮೇಸ್ತ್ರಿ ಎಂದಿನಂತೆ ಸ್ಪ್ಯಾನರು ಕೂರಿಸಿ ಕೂದಲೆಳೆಯಷ್ಟು ಬಿಗಿ ಮಾಡಿ ಹಿಂದಕ್ಕೆ ಎಳೆದ. ಬೋಲ್ಟು ತಿರುಗಿತು. ಮೊದಲು ನಂಬಿಕೆಯಾಗಲಿಲ್ಲ, ಸ್ಪ್ಯಾನರು ಜಾರಿತೇನೋ ಅಂದುಕೊಂಡ. ಇನ್ನೊಮ್ಮೆ ಎಳೆದ. ತಿರುಗಿತು, ಕಂದು ಪುಡಿ ಉಗುಳುತ್ತ ಮೇಲೆದ್ದು ಬಂತು. ಅವನ ಎದೆ ಒಮ್ಮೆ ಹಿಗ್ಗಿದ್ದು ಸುಳ್ಳಲ್ಲ. ಇಷ್ಟು ವರ್ಷ ಎಂಥ ಬೋಲ್ಟು ಬಿಚ್ಚಿದರೂ ಮೊದಲು ಹೆಂಡತಿಯನ್ನೇ ಕೂಗಿ ಹೇಳಿದವನು. ಈಗಲೂ ಕೂಗಲು ಬಾಯಿ ತೆರೆದೇಬಿಟ್ಟಿದ್ದ. ಆಗ ಮೊಗಸಾಲೆಯಲ್ಲಿ ಡಾಕ್ಟರು ಹೇಳಿದ್ದು ನೆನಪಾಗಿ ಬಾಯಿ ಹಾಗೇ ಮುಚ್ಚಿಕೊಂಡಿತು.

ಬೋಲ್ಟನ್ನು ಅಂಗೈಯಲ್ಲಿ ಇಟ್ಟುಕೊಂಡು ಗಾಡಿಯೊಳಗೆ ಮಂಡಿಯೂರಿ ಕೂತಿದ್ದ. ಇದನ್ನು ಹೊರಗಿಟ್ಟರೆ ಸೀಟು ಎದ್ದು ಬರುತ್ತದೆ. ಸೀಟು ಬಂದರೆ ಹಲಗೆ ಹಾಕಬೇಕು. ಹಲಗೆ ಹಾಕಿದರೆ ಅವಳನ್ನು ಎತ್ತಿ ಮಲಗಿಸಬೇಕು. ಆಮೇಲೆ ಬೆಟ್ಟ. ತಾನೇ ಓಡಿಸಿಕೊಂಡು ಹೋಗಿ ತನ್ನ ಹೆಂಡತಿಯನ್ನು ಕೊಂದ ಹಾಗಾಗುತ್ತದಲ್ಲ ದೇವರೇ, ಎಂದುಕೊಂಡ. ಬೋಲ್ಟಿನ ಹಲ್ಲುಗಳಿಗೆ ಎಣ್ಣೆ ಹಚ್ಚಿದ, ಅದು ಕೈಯ ಅಭ್ಯಾಸ. ಅದೇ ತೂತಿಗೆ ಇಟ್ಟು ಕೊನೆಯ ತನಕ ತಿರುಗಿಸಿ ಬಿಗಿ ಮಾಡಿದ. ಉದುರಿದ ತುಕ್ಕಿನ ಪುಡಿಯನ್ನು ಗುಡಿಸಿ ತಲೆಯ ಸುತ್ತ ಮೆತ್ತಿದ.

ಸಂಜೆ ಹೆಂಡತಿ ಕೇಳಿದಳು. "ಇಲ್ಲ ಕಣೇ, ಅಲ್ಲಾಡ್ಲಿಲ್ಲ" ಎಂದ.

ಅವಳು ಅವನ ಕೈ ಹಿಡಿದು ನೋಡಿದಳು. ಬೆರಳ ಗೆಣ್ಣುಗಳಲ್ಲಿ ಚರ್ಮ ಸುಲಿದಿತ್ತು. "ಪಾಪ, ಏನ್ ಕೈ ಮಾಡ್ಕೊಂಡಿದೀರ ನೋಡಿ" ಎಂದು ಬಾಯಿ ಹತ್ತಿರ ಎಳೆದು ಉಫ್ ಉಫ್ ಎಂದು ಊದಿದಳು. ಕಪಾಳಕ್ಕೆ ಹೊಡೆದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಊಟ ಮಾಡದೆ ತಟ್ಟೆ ತೊಳೆದು ಕವುಚಿಟ್ಟ.

ಅಲ್ಲಿಂದ ಅವನ ನಾಟಕ ಶುರುವಾಯಿತು. ಬೆಳಿಗ್ಗೆ ಹೋಗಿ ಬಿಗಿಯಾಗಿರುವ ಬೋಲ್ಟಿನ ಮೇಲೆ ಟಣ್ ಟಣ್ ಎಂದು ತಟ್ಟುವುದು, ಉಸ್ಸೆಂದು ಉಸಿರು ಬಿಡುವುದು, ಏನೂ ಇಲ್ಲದೆ ಬೆವರು ಒರೆಸಿಕೊಳ್ಳುವುದು. ಅವನಷ್ಟು ಕೆಟ್ಟ ನಟನನ್ನು ನಾನು ಕಂಡಿಲ್ಲ. ಕೆಲವೊಮ್ಮೆ ತಟ್ಟುತ್ತ ತಟ್ಟುತ್ತ ಸುತ್ತಿಗೆ ಕೆಳಗಿಟ್ಟು ಸ್ಟೀರಿಂಗಿಗೆ ಹಣೆ ಒತ್ತಿ ಕೂರುವನು. ಅತ್ತ ಮುದುಕಿಯ ಫೋನು ಬರುವುದು, ಸಿಟ್ಟು ಬಿಡೇ ಎನ್ನುವುದು, ಇತ್ತ ಇವಳು ಇಲ್ಲಮ್ಮಾ ಎಂದು ಕೂಗುವುದು. ಕೂಗುವ ದನಿ ದಿನದಿನಕ್ಕೆ ಸಣ್ಣದಾಗುತ್ತಿತ್ತು. ಇವನೊಬ್ಬನೇ ಎರಡೂ ಕಡೆ ಕೇಳಿಸಿಕೊಂಡು ಅಡಿಗೆಮನೆಯಲ್ಲಿ ನಿಂತಿರುವನು. ಕರೆದುಕೊಂಡು ಹೋದರೆ ಅವಳಿಲ್ಲ, ಹೋಗದಿದ್ದರೆ ಅವಳ ಆಸೆಯಿಲ್ಲ. ಯಾರನ್ನು ಕೇಳುವುದು, ಯಾರಿಗೆ ಹೇಳುವುದು? ಬೆಂಕಿಗೆ ಹೇಳಿದರೆ ಬೀದಿಗೆಲ್ಲ ಕೇಳುವಂತೆ ಅಳುತ್ತಾನೆ. ಅವಳಿಗೆ ಹೇಳುವುದಂತೂ ಸಾಧ್ಯವೇ ಇರಲಿಲ್ಲ.

ಕೊನೆಗೆ ತಾಳ್ಮೆ ಕೆಟ್ಟದ್ದು ಅವಳಿಗೇ. ಒಂದು ದಿನ ಮೇಸ್ತ್ರಿ ನೋವಿನ ಮಾತ್ರೆ ತರಲು ಪೇಟೆಗೆ ಹೋದದ್ದೇ ತಡ, ತಮ್ಮನಿಗೆ ಹೇಳಿ ಕಳಿಸಿದಳು. "ಹೋಗಿ ಅದನ್ನ ಕತ್ತರಿಸಿ ಹಾಕೋ. ನಿಮ್ಮ ಭಾವ ಬೈದ್ರೆ ನಾನು ನೋಡ್ಕೋತೀನಿ."

ಮೇಸ್ತ್ರಿ ಮಾತ್ರೆಯ ಪೊಟ್ಟಣ ಹಿಡಿದು ಶೆಡ್ಡಿಗೆ ಬಂದಾಗ ಬೆಂಕಿ ಗಾಡಿಯ ಬಾಗಿಲಿಗೆ ಒರಗಿ ನಿಂತಿದ್ದ. ಗ್ರೈಂಡರು ನೆಲದ ಮೇಲಿತ್ತು, ವೈರು ಸುತ್ತಿದ ಹಾಗೇ ಇತ್ತು. ಅವನ ಕೈಯಲ್ಲಿ ನಾಲ್ಕನೆಯ ಬೋಲ್ಟು.

"ಕತ್ತರಿಸೋಕೆ ಮೊದಲು ಸುಮ್ನೆ ಒಂದ್ಸಲ ಸ್ಪ್ಯಾನರ್ ಹಾಕಿ ನೋಡಿದೆ ಭಾವ" ಎಂದ. ದನಿ ತಗ್ಗಿತ್ತು, ಬೆಂಕಿಯ ದನಿ ತಗ್ಗಿದರೆ ಹೆದರಬೇಕು. "ಒಂದೇ ಎಳೆತಕ್ಕೆ ಬಂತು. ಹಲ್ಲಲ್ಲೆಲ್ಲ ಹೊಸ ಎಣ್ಣೆ ಇದೆ. ಇದು ಯಾವತ್ತೋ ಬಿಚ್ಚಿದೆ."

ಮೇಸ್ತ್ರಿ ಮಾತ್ರೆಯ ಪೊಟ್ಟಣವನ್ನು ಬಾನೆಟ್ಟಿನ ಮೇಲಿಟ್ಟ.

"ನಮ್ಮಕ್ಕ ಅಲ್ಲಿ ಬಾಗಿಲು ನೋಡ್ಕೊಂಡು ಮಲಗಿದಾಳೆ. ಇಲ್ಲಿ ನೀವು ಸುತ್ತಿಗೆ ಬಾರಿಸ್ಕೊಂಡು ಕೂತಿದೀರಾ? ಮನುಷ್ಯರಾ ನೀವು?" ಎಂದು ಬೆಂಕಿ ಅವನ ಅಂಗಿಯ ಕೊರಳಪಟ್ಟಿಗೆ ಕೈ ಹಾಕಿದ. ಅವರಿಬ್ಬರ ಅಷ್ಟು ವರ್ಷದ ಜಗಳದಲ್ಲಿ ಹಾಗೆ ಆಗಿರಲಿಲ್ಲ. ಮೇಸ್ತ್ರಿ ಬಿಡಿಸಿಕೊಳ್ಳಲೂ ಇಲ್ಲ. ಆ ಹಿಡಿತದಲ್ಲೇ ನಿಂತು ಡಾಕ್ಟರು ಹೇಳಿದ್ದನ್ನು ಮೊದಲಿಂದ ಕೊನೆಯ ತನಕ ಹೇಳಿದ.

ಕೊರಳಪಟ್ಟಿಯ ಮೇಲಿನ ಕೈ ತಾನಾಗಿ ಕೆಳಗಿಳಿಯಿತು. ಬೆಂಕಿ ಎಣ್ಣೆಯ ಡ್ರಮ್ಮಿನ ಮೇಲೆ ಕುಸಿದು ಕೂತ. ಬೋಲ್ಟನ್ನು ಒಂದು ಕೈಯಿಂದ ಇನ್ನೊಂದು ಕೈಗೆ, ಇನ್ನೊಂದರಿಂದ ಈ ಕೈಗೆ ಹಾಕಿಕೊಳ್ಳುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಬಂದು, ಮಕ್ಕಳು ಗುಟ್ಟು ಹೇಳುವಂತೆ ಕಿವಿಯ ಹತ್ತಿರ ಕೇಳಿದ: "ಭಾವ, ಇದನ್ನ ಹಾಕಿ ವೆಲ್ಡ್ ಮಾಡಿಬಿಡ್ಲಾ? ಯಾರ ಕೈಲೂ ಬಿಚ್ಚೋಕಾಗಬಾರದು, ಹಾಗೆ ಮಾಡ್ತೀನಿ."

ಇದನ್ನು ಕೇಳಿ ನಗಬೇಕೋ ಅಳಬೇಕೋ ನೀವೇ ಹೇಳಿ. ಮೇಸ್ತ್ರಿ ಮಾತ್ರ ನಗಲಿಲ್ಲ. ಒಂದು ಗಳಿಗೆ ನಿಜವಾಗಿಯೂ ಯೋಚಿಸಿ "ಹೂಂ" ಅಂದ. ಆಮೇಲೆ ಇಬ್ಬರೂ ಸೇರಿ ಅದಕ್ಕಿಂತ ಸುಲಭದ ಸುಳ್ಳೊಂದನ್ನು ಕಟ್ಟಿಕೊಂಡು ಒಳಗೆ ಹೋದರು.

"ಅಕ್ಕ, ಆಗ್ಲಿಲ್ಲ" ಎಂದ ಬೆಂಕಿ, ಅವಳ ಮುಖ ಬಿಟ್ಟು ದಿಂಬು ನೋಡುತ್ತ. "ಗ್ರೈಂಡರ್ ಇಟ್ಟೆ. ಬ್ಲೇಡೇ ಚೂರಾಯ್ತು. ತಳದ ತಗಡೇ ಕತ್ತರಿಸಬೇಕು, ಗಾಡಿ ಹಾಳಾಗುತ್ತೆ."

"ಯಾವಾಗ ಇಟ್ಟೆ?"

"ಈಗ್ಲೇ."

"ನಿನ್ನ ಮಷಿನ್ ಶುರುವಾದ್ರೆ ಬೀದಿ ನಾಯಿಗಳೆಲ್ಲ ಬೊಗಳುತ್ತವೆ. ನಂಗೆ ಬೆನ್ನು ಹೋಗಿದೆ ಕಣೋ, ಕಿವಿ ಹೋಗಿಲ್ಲ."

ಬೆಂಕಿ ಭಾವನ ಮುಖ ನೋಡಿದ, ಭಾವ ಗೋಡೆ ನೋಡಿದ. ಅವಳು ಇಬ್ಬರನ್ನೂ ಸರದಿಯ ಮೇಲೆ ನೋಡಿ, ಗಂಡನಿಗೆ ಹಾಸಿಗೆಯ ಅಂಚು ತೋರಿಸಿದಳು. ಅವನು ಕೂತ.

"ಬೋಲ್ಟು ಬಿಚ್ಚಿದೆ ಅಲ್ವೇನ್ರೀ?"

ಅವನು ತಲೆ ಆಡಿಸಿದ.

"ಡಾಕ್ಟ್ರು ಹೇಳಿದ್ದಕ್ಕೆ ತಾನೆ ಹೀಗೆ ಮಾಡಿದ್ದು?"

ಮೇಸ್ತ್ರಿ ತಲೆ ಎತ್ತಿದ. "ನಿಂಗೆ... ನಿಂಗೆ ಯಾರು ಹೇಳಿದ್ದು?"

"ನಿಮಗೆ ಹೇಳೋಕೆ ಮುಂಚೆ ನಂಗೆ ಹೇಳಿದ್ರು. ನಾನೇ ಪೀಡಿಸಿ ಕೇಳಿದೆ. ನಮ್ಮ ಯಜಮಾನ್ರಿಗೆ ನೀವೇ ಹೇಳಿ, ನನ್ನ ಬಾಯಲ್ಲಿ ಬರಲ್ಲ ಅಂದೆ." ಉಸಿರು ಸಾಲದೆ ಸ್ವಲ್ಪ ನಿಲ್ಲಿಸಿದಳು. "ನೀವಾಗಿ ಹೇಳ್ತೀರ ಅಂತ ಕಾದೆ. ಗೊತ್ತಿದ್ದೂ ಕರ್ಕೊಂಡು ಹೋಗ್ತೀರ ಅಂದ್ಕೊಂಡಿದ್ದೆ."

"ಹೇಗೆ ಕರ್ಕೊಂಡು ಹೋಗ್ಲೇ? ಹೇಗೆ?" ಎಂದ ಮೇಸ್ತ್ರಿ. ಆ ಮಾತಿನ ಜೊತೆಗೇ ಅಳು ಒಡೆದು ಬಂತು. ಗಾಡಿಯ ಕೆಳಗೆ ಮಲಗಿ ಇಡೀ ಆಯುಸ್ಸು ಕಳೆದ ಗಟ್ಟಿ ಮನುಷ್ಯ, ಹೆಂಡತಿಯ ಹೊದಿಕೆಯಲ್ಲಿ ಮುಖ ಹುದುಗಿಸಿ ಮಗುವಿನ ಹಾಗೆ ಅತ್ತುಬಿಟ್ಟ. "ಇಲ್ಲೇ ಇರೇ. ಎಷ್ಟು ದಿನ ಆಗುತ್ತೋ ಅಷ್ಟು ದಿನ ಇರು. ನಾನು ನೋಡ್ಕೋತೀನಿ."

ಅವಳು ಅವನ ತಲೆಯ ಮೇಲೆ ಕೈ ಇಟ್ಟಳು. "ಇಲ್ಲಿದ್ರೆ ಇನ್ನೊಂದಷ್ಟು ದಿನ ಈ ತಗಡಿನ ಮಾಡು ನೋಡ್ತಾ ಮಲಗಿರ್ತೀನಿ. ನೀವು ನನ್ನ ಮುಖ ನೋಡ್ತಾ ಕೂತಿರ್ತೀರ. ನಿಮಗೆ ಅದು ಬೇಕು, ಗೊತ್ತು. ನಂಗೂ ಬೇಕು, ಬೇಡ ಅಂತಲ್ಲ. ಆದ್ರೆ ನಾನು ಸಿಟ್ಟು ಮಾಡ್ಕೊಂಡಿದೀನಿ ಅಂತ ಅಮ್ಮ ಅಂದ್ಕೊಂಡಿದಾಳಲ್ರೀ. ಅದೊಂದನ್ನ ಹಾಗೇ ಬಿಟ್ಟು ಹೋಗೋಕೆ ನನ್ನ ಕೈಲಾಗಲ್ಲ. ಇಷ್ಟು ದಿನ ನಿಮ್ಮ ಮಾತು ನಡೀತು. ಇನ್ನು ಉಳಿದಿದ್ದು ನಂದು, ನಂಗೆ ಬಿಡಿ."

ಬಾಗಿಲ ಹತ್ತಿರ ನಿಂತಿದ್ದ ಬೆಂಕಿ ಹೊರಗೆ ಹೋಗಿ ಗೋಡೆಯ ಕಡೆ ತಿರುಗಿ ನಿಂತುಕೊಂಡ.

ಸೀಟು ಹೊರಬರಲು ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ. ಭಾವ ಒಂದು ಕಡೆ, ಭಾಮೈದ ಒಂದು ಕಡೆ ಹಿಡಿದು ಎತ್ತಿ ಶೆಡ್ಡಿನ ಮೂಲೆಗಿಟ್ಟರು. ಹಿಂದಿನ ಸೀಟನ್ನೂ ತೆಗೆದು ಹಲಗೆ ಕುಯ್ದರು, ಅಲುಗದಂತೆ ಹಗ್ಗ ಬಿಗಿದರು, ಮೇಲೆ ಎರಡು ಹಾಸಿಗೆ ಹಾಸಿದರು. ಉದ್ದ ಸರಿಯಾಗಿದೆಯೇ ನೋಡಲು ಮೇಸ್ತ್ರಿ ತಾನೇ ಅದರ ಮೇಲೆ ಅಂಗಾತ ಮಲಗಿದ. ಅವಳ ತಲೆ ಬರುವ ಹಿಂಬದಿಗೆ ತಲೆ ಇಟ್ಟ. ಅಲ್ಲಿಂದ ಕಾಣುವುದು ಗಾಡಿಯ ಒಳಮಾಡು, ಕಿಟಕಿಯಲ್ಲಿ ಒಂದು ಚೂರು ಆಕಾಶ, ಡ್ರೈವರಿನ ಸೀಟಿನ ಬೆನ್ನು. ಮಲಗಿದ್ದಲ್ಲೇ ಅವನಿಗೆ ಹೊಳೆಯಿತು: ಓಡಿಸುವವನಿಗೆ ಇವಳ ಮುಖ ಕಾಣುವುದಿಲ್ಲ. ಹಿಂದೆ ಉಸಿರು ನಿಂತರೂ ಮುಂದೆ ಗೊತ್ತಾಗುವುದಿಲ್ಲ.

ಆ ಗಾಡಿಯ ಸ್ಟೀರಿಂಗನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ, ಬೆಂಕಿಯ ಕೈಗಂತೂ ಕನಸಿನಲ್ಲೂ ಕೊಡುತ್ತಿರಲಿಲ್ಲ. ಎದ್ದು ಕೂತು ಜೇಬಿನಿಂದ ಕೀ ತೆಗೆದು ಅವನತ್ತ ಚಾಚಿದ.

"ನೀನು ಓಡಿಸು. ನಾನು ಅವಳ ತಲೆ ಹತ್ರ ಕೂರ್ತೀನಿ."

ಮಾರನೆಯ ಬೆಳಿಗ್ಗೆ, ಬಿಸಿಲು ಏರುವ ಮೊದಲು, ಅವಳನ್ನು ಹೊದಿಕೆಯ ಸಮೇತ ಎತ್ತಿ ತಂದು ಹಲಗೆಯ ಮೇಲೆ ಮಲಗಿಸಿದರು. ನೋವಿಗೆ ಅವಳ ತುಟಿ ಬಿಳಿಚಿಕೊಂಡಿತ್ತು, ಆದರೂ ಕಣ್ಣಲ್ಲಿ ಎಂಥದೋ ಹುರುಪು. ತಲೆ ಬಾಚಿಸಿಕೊಂಡಿದ್ದಳು. ಒಳ್ಳೆಯ ಬಟ್ಟೆ ಉಟ್ಟಿದ್ದಳು. ಮೇಸ್ತ್ರಿ ಅವಳ ತಲೆಯ ಬದಿಗೆ, ಮೂಲೆಯಲ್ಲಿ ಉಳಿದ ಒಂದು ಗೇಣು ಜಾಗದಲ್ಲಿ ಮಂಡಿ ಮಡಚಿ ಕೂತು, ಎರಡು ಕೈಯಲ್ಲೂ ಅವಳ ಭುಜ ಹಿಡಿದುಕೊಂಡ. ಬೆಂಕಿ ಇಂಜಿನ್ ಶುರು ಮಾಡಿದ.

"ಒಂದು ಮಾತು ರೀ" ಎಂದಳು ಅವಳು. "ದಾರೀಲಿ ನಂಗೇನಾದ್ರೂ ಆದ್ರೆ ಗಾಡಿ ತಿರುಗಿಸ್ಬೇಡಿ."

ಮೇಸ್ತ್ರಿ ಅವಳ ಮುಖವನ್ನೇ ನೋಡುತ್ತಿದ್ದ.

"ಅಮ್ಮನ ಹತ್ರಾನೇ ಹೋಗಿ. ಅವಳಿಗೇನು ಕಾಣುತ್ತಾ, ಕೇಳುತ್ತಾ? ಮುಖ ತಡವಿ ನೋಡ್ತಾಳೆ ಅಷ್ಟೆ. ನಿದ್ದೆ ಮಾಡ್ತಿದಾಳೆ ಅಂತ ಕಿವೀಲಿ ಹೇಳಿ. ಸಿಟ್ಟಿಲ್ವಂತೆ ಅಂತಲೂ ಹೇಳಿ. ಯಾಕೆ ಇಷ್ಟು ತಣ್ಣಗಿದಾಳೆ ಅಂತ ಕೇಳಿದ್ರೆ, ಬೆಟ್ಟದಲ್ಲಿ ಗಾಳಿ ಜೋರಿತ್ತು ಅನ್ನಿ."

ಇದನ್ನೆಲ್ಲ ಅವಳು ಎಷ್ಟು ದಿನದಿಂದ ಯೋಚಿಸಿ ಇಟ್ಟುಕೊಂಡಿದ್ದಳೋ. ಅವಳು ಕಾದಳು. ಕೊನೆಗೆ ಮೇಸ್ತ್ರಿ "ಆಯ್ತು ಕಣೇ" ಅಂದ, ಹೊದಿಕೆಯನ್ನು ಅವಳ ಕತ್ತಿನ ತನಕ ಎಳೆದ.

ಮುಂದೆ ಕೂತಿದ್ದ ಬೆಂಕಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಮೊದಲನೇ ಗೇರು ಹಾಕಿ ಶೆಡ್ಡಿನಿಂದ ಗಾಡಿಯನ್ನು ಮೆಲ್ಲಗೆ ರಸ್ತೆಗಿಳಿಸಿದ. ಬೀದಿ ಮುಗಿದು ದೊಡ್ಡ ರಸ್ತೆ ಬಂದರೂ, ಹಲಗೆ ಅಲುಗೀತೆಂದು, ಎರಡನೇ ಗೇರಿಗೆ ಹೋಗಲಿಲ್ಲ.